ಸಿಟ್ಟು ಬಿಟ್ಟ ಮೇಷ್ಟ್ರು

ಮೇಷ್ಟ್ರಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದುದು ಎಡಗಿವಿ. ಬಲಗಿವಿ ಸ್ವಲ್ಪ ತಡ. ಎರಡೂ ಕೆಂಪಾಗಿ, ಕುತ್ತಿಗೆಯ ಪಕ್ಕದ ನರ ಉಬ್ಬಿ ನಿಂತ ಮೇಲೆ ದನಿ ಹೊರಡುತ್ತಿತ್ತು. ಮತ್ತಿಕೆರೆಯ ನಮ್ಮ ಕಾಲೇಜಿನ ಎರಡನೇ ಮಹಡಿಯಲ್ಲಿ ಅವರು ಕೂಗಿದರೆ ಗೇಟಿನ ಆಚೆ ಕಬ್ಬಿನಹಾಲು ಮಾರುವವನು ಮೆಷಿನ್ ನಿಲ್ಲಿಸಿ ಮೇಲೆ ನೋಡುತ್ತಿದ್ದ. ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ನಮಗೆ, ಹುಡುಗಿಯರಿಗೆ, ಅವರ ಕಿವಿ ಓದಲು ಬರುತ್ತಿತ್ತು. "ಲೆಫ್ಟ್ ಆಯ್ತು ಕಣೇ" ಎಂದು ಪಕ್ಕದವಳು ಪಿಸುಗುಟ್ಟಿದರೆ ಎಲ್ಲರೂ ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದೆವು.

ಇತಿಹಾಸ ಹೇಳಿಕೊಡುತ್ತಿದ್ದರು. ಕುಳ್ಳಗಿದ್ದರು, ಗಟ್ಟಿಮುಟ್ಟಾಗಿದ್ದರು, ಶರ್ಟಿನ ತೋಳು ಯಾವಾಗಲೂ ಮೊಣಕೈ ಮೇಲೆ. ರೇಗಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಬೋರ್ಡ್ ಒರೆಸಿರದಿದ್ದರೆ ಸಾಕು, "ಹಿಸ್ಟರಿ ಓದಿ ಏನ್ ಸಾರ್ ಮಾಡೋದು" ಎಂದು ಯಾರಾದರೂ ಕೇಳಿದರೆ ಸಾಕು. ಆದರೆ ತಮಗೆ ಆದದ್ದಕ್ಕೆ ಅವರು ರೇಗಿದ್ದನ್ನು ನಾನು ಕಂಡಿಲ್ಲ. ಅವರಿಗೆ ಬರಬೇಕಾದ ಹೆಡ್ ಹುದ್ದೆ ಇನ್ನೊಬ್ಬರಿಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಕಡ್ಲೆಕಾಯಿ ಬಿಡಿಸಿಕೊಂಡು ತಿನ್ನುತ್ತಾ ಕೂತಿದ್ದರಂತೆ. ಅದೇ ವಾರ ಪ್ರಿನ್ಸಿಪಾಲರು ಅಟೆಂಡರನ್ನು ತಮ್ಮ ಮನೆಯ ನೀರಿನ ಟ್ಯಾಂಕು ತೊಳೆಯಲು ಕಳಿಸಿದ್ದು ಗೊತ್ತಾದಾಗ ಕಾರಿಡಾರಿನಲ್ಲಿ ನಿಂತು ಅವರು ಹಾಕಿದ ಕೂಗಿಗೆ ಮೂರು ತರಗತಿ ತಾವಾಗಿಯೇ ಖಾಲಿಯಾಗಿ ಹೊರಗೆ ಬಂದವು.

ಇಂಥ ಮನುಷ್ಯ ವರ್ಷಕ್ಕೊಮ್ಮೆ, ಪ್ರಾಚೀನ ಚೀನಾದ ಪಾಠ ಬಂದಾಗ, ಸಮಾಧಾನದ ಸ್ವಭಾವದವರು ಹೆಚ್ಚು ಕಾಲ ಬದುಕುತ್ತಾರೆ ಎಂದು ನಮಗೆ ಬೋಧಿಸುತ್ತಿದ್ದರು.

ಪಠ್ಯದಲ್ಲಿ ಇದ್ದದ್ದು ರಾಜವಂಶಗಳು, ಗೋಡೆ, ರೇಷ್ಮೆ, ಕಾಗದ. ಅವನ್ನೆಲ್ಲ ಒಂದೇ ಗಂಟೆಯಲ್ಲಿ ಮುಗಿಸಿ, ಮಾರನೆಯ ದಿನ ಪುಸ್ತಕ ಮುಚ್ಚಿಟ್ಟು ಮೇಜಿನ ತುದಿಗೆ ಕೂರುತ್ತಿದ್ದರು. ಆ ದೇಶದವರು ತಮ್ಮ ಪಂಡಿತರ ಬದುಕನ್ನು ಬರೆದಿಟ್ಟಿದ್ದಾರೆ, ಯಾವ ರಾಜನ ಬಳಿ ಇದ್ದ, ಎಂಥ ಗುಣದವನು, ಎಷ್ಟು ವಯಸ್ಸಿಗೆ ಸತ್ತ, ಎಲ್ಲ ಸಿಗುತ್ತದೆ ಎನ್ನುತ್ತಿದ್ದರು. ಅವರು ಹೇಳುತ್ತಿದ್ದ ಹೆಸರುಗಳು ಕೊನೆಯವರೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ. ಜನ ಮಾತ್ರ ಕಣ್ಣಿಗೆ ಕಟ್ಟಿದ್ದಾರೆ. ಹುದ್ದೆಯಿಂದ ತೆಗೆದರೆ "ಹೋಗ್ಲಿ ಬಿಡು" ಎಂದು ಊರಿಗೆ ಹೋಗಿ ಸೇವಂತಿಗೆ ಬೆಳೆದು, ನೆರೆಮನೆಯವರ ಜೊತೆ ಚಹಾ ಕುಡಿದು, ಕುಂಚ ಹಿಡಿದು ಅಕ್ಷರ ತಿದ್ದುತ್ತಾ ಎಂಬತ್ತು ದಾಟಿದವರು. ಜೊತೆಯಲ್ಲಿ ಓದಿದವನಿಗೆ ಪದವಿ ಸಿಕ್ಕಿತು, ತನಗೆ ಸಿಗಲಿಲ್ಲ ಎಂದು ಒಳಗೇ ಬೇಯುತ್ತಾ ನಲವತ್ತಕ್ಕೆಲ್ಲ ಹಾಸಿಗೆ ಹಿಡಿದವರು. ಮತ್ತೆ, ರಾಜನ ಎದುರಿಗೇ ನಿಂತು ನೀನು ಮಾಡಿದ್ದು ತಪ್ಪು ಎಂದು ಹೇಳಿ ತಲೆ ಕಳೆದುಕೊಂಡವರು.

ನಾನಾಗ ಮೊದಲ ವರ್ಷದ ಬಿ.ಎ. ಬಾಯಿ ತೆರೆದು ಪ್ರಶ್ನೆ ಕೇಳುವ ಪೈಕಿಯವಳಲ್ಲ. ಅದು ಹೇಗೋ ಎದ್ದು ನಿಂತುಬಿಟ್ಟೆ.

"ಸಾರ್, ಹಾಗಾದ್ರೆ ತಲೆ ಹೋದವರದ್ದೂ ಸ್ವಭಾವದ ದೋಷಾನೇನಾ?"

ಎಡಗಿವಿ ಕೆಂಪಾಯಿತು.

"ಯಾರಮ್ಮ ಹೇಳಿದ್ದು ದೋಷ ಅಂತ? ಕತ್ತಿಯಿಂದ ಸತ್ತೋನ ಆಯಸ್ಸನ್ನ ಅವನ ಸ್ವಭಾವದ ಲೆಕ್ಕಕ್ಕೆ ಹಾಕ್ಬಾರ್ದು. ಅದು ರಾಜನ ಲೆಕ್ಕ. ಎಲ್ರೂ ಬರ್ಕೊಳ್ಳಿ!" ಬರೆದುಕೊಂಡೆವು. ಗಂಟೆ ಹೊಡೆದ ಮೇಲೆ ನನ್ನನ್ನು ಹತ್ತಿರ ಕರೆದು, "ಏನಮ್ಮ ನಿನ್ನ ಹೆಸರು? ಎಲ್ಲಿಂದ ಬರ್ತೀಯ?" ಎಂದರು. ಆರ್.ಟಿ. ನಗರ ಅಂದೆ. "ನಮ್ಮ ಪಕ್ಕಾನೇ. ನಾನು ಗಂಗಾನಗರ. ಪ್ರಶ್ನೆ ಚೆನ್ನಾಗಿತ್ತು" ಎಂದು ಹೊರಟುಹೋದರು. ಅಲ್ಲಿಯವರೆಗೆ ನನ್ನ ಪ್ರಶ್ನೆ ಚೆನ್ನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಪ್ರಶ್ನೆ ಕೇಳುವುದೇ ಒಂದು ರೋಗವಾಗಿತ್ತು.

ಮೇಷ್ಟ್ರು ಯಾಕೆ ಚೀನಾದವರ ಹಿಂದೆ ಬಿದ್ದಿದ್ದರು ಎನ್ನುವುದು ಅವರ ಹೆಂಡತಿಯಿಂದ ಆಮೇಲೆ ಗೊತ್ತಾಯಿತು. ಅವರ ವಂಶದಲ್ಲಿ ಗಂಡಸರು ಯಾರೂ ಅರವತ್ತು ದಾಟಿರಲಿಲ್ಲ. ತಾತ, ತಂದೆ, ಅಣ್ಣ ಎಲ್ಲರೂ ರೇಗುತ್ತಾ ರೇಗುತ್ತಲೇ ಹೋದವರು. ಅಣ್ಣನಂತೂ ಪಕ್ಕದ ಮನೆಯವರ ಮೋರಿ ನೀರು ತಮ್ಮ ಅಂಗಳಕ್ಕೆ ಬಂತೆಂದು ಜಗಳಕ್ಕೆ ನಿಂತು, ಮಾತಿನ ಮಧ್ಯೆ ಅಲ್ಲೇ ಕುಸಿದರಂತೆ. "ಇವ್ರಿಗೆ ಒಳಗೊಳಗೇ ಭಯ ಕಣಮ್ಮ. ಡಾಕ್ಟ್ರ ಹತ್ರ ಹೋಗು ಅಂದ್ರೆ ಲೈಬ್ರರಿಗೆ ಹೋಗ್ತಾರೆ" ಎಂದು ಆಕೆ ನಕ್ಕಿದ್ದರು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ಸ್ವಯಂನಿವೃತ್ತಿ ತೆಗೆದುಕೊಂಡವರು. ದಿನವಿಡೀ ಗುರುತಿಲ್ಲದವರ ಬೈಗುಳ ಕಿವಿಗೆ ಹಾಕಿಕೊಂಡು ಮನೆಗೆ ಬಂದರೆ ಗುರುತಿರುವವರದ್ದು. ಅಷ್ಟಾದರೂ ಆಕೆಯ ದನಿ ಏರಿದ್ದನ್ನು ನಾನು ಕೇಳಿದ್ದಿಲ್ಲ. ಮಕ್ಕಳಿರಲಿಲ್ಲ. ಗಂಗಾನಗರದ ಆ ಚಿಕ್ಕ ಮನೆಯ ಮುಂದೆ ಒಂದು ಕರಿಬೇವಿನ ಗಿಡ, ಒಳಗೆ ಪುಸ್ತಕ, ಇವರಿಬ್ಬರು. ನಾನು ಓದುವುದಕ್ಕೆಂದು ಹೋಗಿ ಊಟ ಮಾಡಿಕೊಂಡು ಬರುತ್ತಿದ್ದೆ. ನಾನು ಬರೆದು ಒಯ್ದದ್ದರ ಕನ್ನಡವನ್ನು ಮೇಷ್ಟ್ರು ಸಾಲು ಸಾಲಾಗಿ ತಿದ್ದಿ ಕೊಡುತ್ತಿದ್ದರು.

ಬಿ.ಎ. ಮುಗಿಯುತ್ತಿದ್ದ ಹಾಗೆ ನಮ್ಮ ಮನೆಯಲ್ಲಿ ಮದುವೆಯ ಮಾತು ಎದ್ದಿತು. ಅಪ್ಪ ಆರ್.ಟಿ. ನಗರದ ಮೇನ್ ರೋಡಿನ ಹಿಂದುಗಡೆ ಸ್ಕೂಟರಿನ ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟಿದ್ದರು. ವಿಷಯ ನಾನು ಮೇಷ್ಟ್ರಿಗೆ ಹೇಳಲಿಲ್ಲ, ಗೆಳತಿಯೊಬ್ಬಳು ಹೇಳಿಬಿಟ್ಟಳು. ಮರುದಿನ ಮಧ್ಯಾಹ್ನ ಅವರು ನೆಟ್ಟಗೆ ಅಂಗಡಿಗೇ ಬಂದರು. ನಾನು ಊಟದ ಡಬ್ಬಿ ಕೊಡಲು ಹೋಗಿ ಅಲ್ಲೇ ಇದ್ದೆ.

"ಏನ್ರೀ, ನಿಮ್ಮ ಮಗಳು ಎಂ.ಎ. ಓದ್ಬೇಕು. ಮದ್ವೆ ಗಿದ್ವೆ ಅಂದ್ರೆ ನಾನು ಸುಮ್ನಿರಲ್ಲ!" ಬಂದವರು ಯಾರೆಂದು ಅಪ್ಪನಿಗೆ ಇನ್ನೂ ಗೊತ್ತಿಲ್ಲ. "ಇಡೀ ಕಾಲೇಜಲ್ಲಿ ತಲೆ ಉಪಯೋಗಿಸೋ ಹುಡುಗಿ ಇವಳೊಬ್ಳು. ಅವಳನ್ನ ರೊಟ್ಟಿ ತಟ್ಟೋಕೆ ಕೂರಿಸ್ತೀರಾ? ಏನ್ ತಿಳ್ಕೊಂಡಿದೀರ ನೀವು?"

ಪಕ್ಕದ ಬೇಕರಿಯವರು, ಎದುರಿನ ವೆಲ್ಡಿಂಗ್ ಅಂಗಡಿಯವರು ಬಂದು ನಿಂತರು. ಅಪ್ಪ ಹೊಲಿಗೆ ಮೆಷಿನ್ನಿನಿಂದ ಕಾಲು ತೆಗೆದು, ಸ್ಟೂಲು ಒರೆಸಿ ಮುಂದಿಟ್ಟು, "ಪೈಲೇ ಚಾ ಪೀಲೋ ಸಾಬ್, ಫಿರ್ ಚಿಲ್ಲಾವ್" ಎಂದು ನಮ್ಮ ಮನೆಮಾತು ಉರ್ದುವಿನಲ್ಲೇ ಹೇಳಿದರು. ಮೊದಲು ಚಹಾ ಕುಡಿಯಿರಿ, ಆಮೇಲೆ ಕೂಗಾಡಿ. ಮೇಷ್ಟ್ರು ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ಜೋರಾಗಿ ನಕ್ಕು ಸ್ಟೂಲಿನ ಮೇಲೆ ಕೂತರು. ಇಬ್ಬರೂ ಎರಡೆರಡು ಸಲ ಚಹಾ ಕುಡಿದರು. ಸಂಜೆ ಅಪ್ಪ ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟು: "ಬೇರೆಯವರ ಮಗಳಿಗೋಸ್ಕರ ಇಷ್ಟು ಸಿಟ್ಟು ಮಾಡ್ಕೊಳ್ಳೋ ಮನುಷ್ಯನ್ನ ನಾನು ನೋಡಿಲ್ಲ. ಓದ್ಲಿ ಬಿಡು."

ಎಂ.ಎ. ಓದಿದೆ. ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದೆ. ಸೇರಿದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ ಕಾಮರ್ಸ್‌ನವರೊಬ್ಬರು, "ನಿಮ್ಮ ಕನ್ನಡ ಪರವಾಗಿಲ್ಲ ಮೇಡಂ, ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನನಗೂ ಆ ಮಾತು ಕೇಳಿ ಕೇಳಿ ಅಭ್ಯಾಸವಾಗಿತ್ತು, ನಗಲು ಬಾಯಿ ತೆರೆದಿದ್ದೆ. ಮೇಷ್ಟ್ರು ಕೈಯಲ್ಲಿದ್ದ ಲೋಟವನ್ನು ಮೇಜಿಗೆ ಕುಕ್ಕಿದ ಸದ್ದಿಗೆ ಬೆಚ್ಚಿಬಿದ್ದೆ. "ನೀವೆಲ್ಲಿ ಕಲಿತ್ರೀ? ಹೇಳ್ರೀ, ಎಲ್ಲಿ ಕಲಿತ್ರಿ ಕನ್ನಡಾನ? ಇವಳು ಇದೇ ಊರಲ್ಲಿ ಹುಟ್ಟಿದಾಳೆ. ಇದೇ ಕ್ಲಾಸಲ್ಲಿ ಕೂತು ಓದಿದಾಳೆ. ನಿಮಗಿಂತ ಚೆನ್ನಾಗಿ ಬರೀತಾಳೆ. ಇನ್ನೊಂದ್ಸಲ ಆ ಪ್ರಶ್ನೆ ಈ ರೂಮಲ್ಲಿ ಯಾರೂ ಕೇಳ್ಕೂಡ್ದು!" ಆಮೇಲೆ ಯಾರೂ ಕೇಳಲಿಲ್ಲ. ನನಗೆ ಮುಜುಗರವಾಯಿತು, ನಿಜ. ಆದರೆ ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಹೋಗುವಾಗ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು.

ಅವರ ಎದೆ ಕೈಕೊಟ್ಟದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಲೈಬ್ರರಿಯ ಅರ್ಧ ಭಾಗವನ್ನು ಆಡಳಿತ ಮಂಡಳಿಯವರು ಅಡ್ಮಿಷನ್ ಆಫೀಸು ಮಾಡಲು ಹೊರಟಿದ್ದರು. ಹಳೆಯ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದುದನ್ನು ನೋಡಿ ಮೇಷ್ಟ್ರು ಮಂಡಳಿಯ ಸೆಕ್ರೆಟರಿಯ ಕೋಣೆಗೆ ಮೆಟ್ಟಿಲು ಹತ್ತಿ ಓಡಿದರು. ಅಲ್ಲಿ ಏನು ಹೇಳಿದರೋ, ಇಳಿದು ಬರುವಾಗ ನಡುವಿನ ಮೆಟ್ಟಿಲಲ್ಲಿ ಕೂತುಬಿಟ್ಟರು. ಮುಖವೆಲ್ಲ ಬೂದಿ. ಹೆಬ್ಬಾಳದ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆವು, ದಾರಿಯುದ್ದಕ್ಕೂ ಅವರ ತಲೆ ನನ್ನ ಭುಜದ ಮೇಲಿತ್ತು. ಬದುಕಿದರು. ಡಾಕ್ಟರು ಅವರ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೀಗಾದರೆ ನಾನು ಗ್ಯಾರಂಟಿ ಕೊಡಲ್ಲ, ಔಷಧಿಗಿಂತ ಸಮಾಧಾನ ಮುಖ್ಯ ಎಂದರು.

ಆರು ತಿಂಗಳ ಮೇಲೆ ಕಾಲೇಜಿಗೆ ವಾಪಸ್ ಬಂದವರು ಬೇರೆಯೇ ಮನುಷ್ಯ. ತೂಕ ಇಳಿದಿತ್ತು. ಬೆಳಿಗ್ಗೆ ಹೆಬ್ಬಾಳ ಕೆರೆಯ ಸುತ್ತ ನಡೆದು ಬರುತ್ತಿದ್ದರು. ಹಾಲಿಲ್ಲದ ಚಹಾ ಕುಡಿಯುತ್ತಿದ್ದರು. ಎಲ್ಲಿಂದಲೋ ಕುಂಚ, ಮಸಿ ತರಿಸಿಕೊಂಡು ಚೀನೀ ಅಕ್ಷರ ತಿದ್ದಲು ಶುರು ಮಾಡಿದ್ದರು. "ಒಂದು ಗೆರೆ ಎಳೆಯೋವಾಗ ಉಸಿರು ಹಿಡೀಬೇಕು, ಬಿಡಬೇಕು. ಸಿಟ್ಟಿಗೆ ಜಾಗಾನೇ ಇರಲ್ಲ ನೋಡು" ಎಂದು ತೋರಿಸಿದರು. ಬೋರ್ಡ್ ಒರೆಸಿರದಿದ್ದರೆ ತಾವೇ ಒರೆಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನೆಮ್ಮದಿ. ನನಗೂ ನೆಮ್ಮದಿಯೇ, ಸುಳ್ಳು ಯಾಕೆ ಹೇಳಲಿ. ಆಟೋದಲ್ಲಿ ಭುಜದ ಮೇಲೆ ಒರಗಿದ್ದ ಆ ತಲೆಯ ಭಾರ ನನಗೆ ಮರೆತಿರಲಿಲ್ಲ.

ಒಂದು ದಿನ ಅವರು ಚೀನಾದ ಪಾಠ ಮಾಡುತ್ತಿದ್ದ ತರಗತಿಯ ಮುಂದೆ ಹಾದುಹೋಗುತ್ತಿದ್ದೆ. ಯಾರೋ ಹುಡುಗ, ರಾಜನ ಎದುರು ಮಾತಾಡಿ ಸತ್ತವರ ಬಗ್ಗೆ ಕೇಳಿರಬೇಕು. ಮೇಷ್ಟ್ರ ತಣ್ಣನೆಯ ದನಿ ಕೇಳಿಸಿತು: "ದುಡುಕು ಸ್ವಭಾವ ಅಷ್ಟೇ ಕಣಪ್ಪ. ಒಂದು ಮಾತು ನುಂಗ್ಕೊಂಡಿದ್ರೆ ಇನ್ನೂ ಇಪ್ಪತ್ತು ವರ್ಷ ಇರ್ತಿದ್ದ. ಇನ್ನೂ ನಾಲ್ಕು ಒಳ್ಳೇ ಪುಸ್ತಕ ಬರೀತಿದ್ದ." ನಾನು ನಿಂತೆ. ಒಳಗೆ ಹೋಗಿ, ಸಾರ್, ಅದು ರಾಜನ ಲೆಕ್ಕ ಅಲ್ವಾ ಎಂದು ಕೇಳಬೇಕೆನಿಸಿತು. ಆದರೆ ನನ್ನ ತರಗತಿಗೆ ಹೊತ್ತಾಗಿತ್ತು, ಹೋದೆ.

ಮರುವರ್ಷದ ಪರೀಕ್ಷೆಯಲ್ಲಿ ನನ್ನ ಕೋಣೆಯಲ್ಲಿ ಸೆಕ್ರೆಟರಿಯ ತಂಗಿಯ ಮಗನಿದ್ದ. ಉತ್ತರಪತ್ರಿಕೆಯ ಕೆಳಗೆ ಮೊಬೈಲ್ ಇಟ್ಟುಕೊಂಡು ನೋಡಿ ಬರೆಯುತ್ತಿದ್ದ. ಕೊಡು ಎಂದೆ. "ಏನ್ ಮೇಡಂ, ನಾನ್ಯಾರು ಗೊತ್ತಿಲ್ವಾ?" ಎಂದು ಎದ್ದು ನಿಂತ. ನಾನು ಪತ್ರಿಕೆ ಎಳೆದುಕೊಂಡೆ. ಅವನು ಮೊಬೈಲನ್ನು ಜೇಬಿಗೆ ತುರುಕಿ, ಬೆಂಚು ತಳ್ಳಿ ಹೊರಗೆ ನಡೆದ. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವತ್ತು ಆ ಮಹಡಿಯ ಉಸ್ತುವಾರಿ ಅವರದ್ದು. ಅವನು ಎದ್ದು ನಿಂತಾಗಿನಿಂದ ಹೊರಗೆ ಹೋಗುವವರೆಗೆ ಎಲ್ಲವನ್ನೂ ನೋಡಿದ್ದರು. ನನ್ನ ಕಡೆ ತಲೆ ಆಡಿಸಿ ಮುಂದೆ ಹೋದರು.

ಸಂಜೆಯ ಹೊತ್ತಿಗೆ ಕಥೆ ತಿರುಗಿತ್ತು. ನಾನು ಆ ಹುಡುಗನ ಕೆನ್ನೆಗೆ ಹೊಡೆದೆನಂತೆ. ಮೊಬೈಲ್ ಇರಲೇ ಇಲ್ಲವಂತೆ. ಹಿಂದಿನಿಂದಲೂ ಅವನನ್ನು ಕಂಡರೆ ನನಗಾಗುತ್ತಿರಲಿಲ್ಲವಂತೆ. ಆಚೀಚೆ ಕೂತಿದ್ದ ಹುಡುಗರು ಹೌದು ಹೌದು ಎಂದು ಹೇಳಿಯಾಗಿತ್ತು. ನಾನು ಹೆದರಲಿಲ್ಲ. ಮೇಷ್ಟ್ರು ನೋಡಿದ್ದಾರಲ್ಲ! ಮನೆಯಲ್ಲಿ ಅಪ್ಪನಿಗೂ ಅದನ್ನೇ ಹೇಳಿದೆ. ಅಪ್ಪ, "ಹಾಗಾದ್ರೆ ನಿದ್ದೆ ಮಾಡು" ಎಂದರು.

ಎರಡು ದಿನ ಬಿಟ್ಟು ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಸೆಕ್ರೆಟರಿ, ಪ್ರಿನ್ಸಿಪಾಲರು, ಮಂಡಳಿಯ ಕಡೆಯ ವಕೀಲರೊಬ್ಬರು. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದರು. ನಾನು ನಡೆದದ್ದು ಹೇಳಿದೆ. ವಕೀಲರು ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದರು: "ಹುಡುಗ ಕನ್ನಡದಲ್ಲಿ ಏನೋ ಅಂದಿದಾನೆ. ನಿಮಗದು ಬೇರೆ ಥರ ಕೇಳಿಸಿರಬಹುದಲ್ವಾ ಮೇಡಂ? ನಿಮ್ಮ ಮನೆ ಮಾತು ಅದಲ್ವಲ್ಲ."

ಮೇಷ್ಟ್ರ ಕಡೆ ನೋಡಿದೆ. ಈ ಪ್ರಶ್ನೆಗೆ ಅವರು ಲೋಟ ಕುಕ್ಕಿದ್ದನ್ನು ನೋಡಿದವಳು ನಾನು. ಅವರು ಕಿಟಕಿಯ ಹೊರಗೆ ಏನನ್ನೋ ನೋಡುತ್ತಿದ್ದರು.

"ಸಾರ್, ನೀವು ಅಲ್ಲೇ ಇದ್ರಿ. ಏನಾಯ್ತು ಹೇಳಿ" ಎಂದು ಪ್ರಿನ್ಸಿಪಾಲರು ಅವರನ್ನು ಕೇಳಿದರು.

ಮೇಷ್ಟ್ರು ಒಮ್ಮೆ ಉಸಿರು ಒಳಗೆ ಎಳೆದುಕೊಂಡರು. ನಿಧಾನವಾಗಿ ಬಿಟ್ಟರು. "ನಾನು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಏನೂ ನೋಡ್ಲಿಲ್ಲ."

ಅಷ್ಟೇ. ಕೂಗಾಡುವುದು ಬೇಡ, ಮೇಜು ಕುಟ್ಟುವುದು ಬೇಡ, ಇದೇ ತಣ್ಣನೆಯ ದನಿಯಲ್ಲಿ ಹೊಡೆಯಲಿಲ್ಲ ಎಂಬ ಒಂದು ಪದ ಹೇಳಿದ್ದರೆ ಸಾಕಿತ್ತು. ಅಷ್ಟಕ್ಕೆ ಯಾರ ರಕ್ತದೊತ್ತಡವೂ ಏರುವುದಿಲ್ಲ. ಆದರೆ ಅಷ್ಟು ಹೇಳಿದರೆ ಸೆಕ್ರೆಟರಿ ಮಾತು ಬೆಳೆಸುತ್ತಾರೆ, ಇವರು ಉತ್ತರ ಕೊಡಬೇಕಾಗುತ್ತದೆ, ಆಮೇಲೆ ತಮ್ಮನ್ನು ತಾವು ಹಿಡಿಯಲಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತೇನೋ. ಹಾಗೆಂದು ಆಮೇಲೆ ನಾನೇ ಎಷ್ಟೋ ಸಲ ಅವರ ಪರವಾಗಿ ಮನಸ್ಸಿನಲ್ಲಿ ವಾದ ಮಾಡಿ ನೋಡಿದ್ದೇನೆ. ಒಂದು ಸಲವೂ ಗೆದ್ದಿಲ್ಲ.

ವಿಚಾರಣೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕಾಯುತ್ತಾ ನಿಂತೆ. ಅವರು ಇಳಿದು ಬಂದರು, ನನ್ನ ಮುಖ ನೋಡಿದರು.

"ಮನೆಗೆ ಹೋಗಮ್ಮ. ಸಿಟ್ಟು ಮಾಡ್ಕೋಬೇಡ. ಆರೋಗ್ಯ ಹಾಳಾಗುತ್ತೆ" ಎಂದರು.

ಇಷ್ಟು ವರ್ಷದಲ್ಲಿ ನನಗೆ ಕೆಟ್ಟ ಮಾತು ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ಆ ಯಾವ ಮಾತೂ ಇದರ ಹಾಗೆ ಒಳಗೆ ಉಳಿದಿಲ್ಲ.

ಕೆಲಸ ಹೋಯಿತು. ವಿದ್ಯಾರ್ಥಿಗೆ ಕೈ ಮಾಡಿದವಳು ಎಂಬ ಮಾತು ನನಗಿಂತ ಮೊದಲೇ ಬೇರೆ ಕಾಲೇಜುಗಳಿಗೆ ತಲುಪುತ್ತಿತ್ತು. ಎಲ್ಲಿ ಇಂಟರ್‌ವ್ಯೂಗೆ ಹೋದರೂ ಚಹಾ ಕೊಟ್ಟು ಕಳಿಸುತ್ತಿದ್ದರು. ಕೆಂಪಾಪುರದಲ್ಲಿ ಮನೆ ಮನೆಗೆ ಹೋಗಿ ಸ್ಕೂಲ್ ಮಕ್ಕಳಿಗೆ ಸೋಷಿಯಲ್ ಟ್ಯೂಷನ್ ಹೇಳಿದೆ. ಎಂ.ಎ. ಓದುವಾಗಿನಿಂದ ಬರೆಯಬೇಕೆಂದು ಕನಸು ಕಂಡಿದ್ದ ಪಿಎಚ್.ಡಿ. ಪ್ರಬಂಧ ಅಲ್ಲಿಗೇ ನಿಂತಿತು. ಕೊನೆಗೆ ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ. ಅಪ್ಪ ಇರುವವರೆಗೂ ಮೇಷ್ಟ್ರ ವಿಷಯ ತಾವಾಗಿ ಎತ್ತಲಿಲ್ಲ. ಒಂದೇ ಒಂದು ಸಲ, ಅಂಗಡಿಯಲ್ಲಿ ದಾರ ಪೋಣಿಸುತ್ತಾ, "ಅವರು ಬಂದ್ರೆ ಚಾ ಕೊಡ್ತೀನಿ. ಮಾತಾಡ್ಸಲ್ಲ" ಎಂದಿದ್ದರು. ಮೇಷ್ಟ್ರು ಬರಲಿಲ್ಲ.

ಅವರನ್ನು ಮತ್ತೆ ನೋಡಿದ್ದು ಬಹಳ ವರ್ಷಗಳ ಮೇಲೆ, ಹೆಬ್ಬಾಳ ಕೆರೆಯ ಏರಿಯ ಮೇಲೆ. ನನಗೂ ಅಷ್ಟು ಹೊತ್ತಿಗೆ ಡಾಕ್ಟರು ವಾಕಿಂಗ್ ಬರೆದುಕೊಟ್ಟಿದ್ದರು. ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕರು, ಕೆನ್ನೆ ಗುಲಾಬಿ ಬಣ್ಣ, ಮೈಗೆ ಶುಭ್ರವಾದ ಬಿಳಿ ಅಂಗಿ. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಅವರಿಗೆ ತಕ್ಷಣ ಹತ್ತಿತು.

"ಬಾರಮ್ಮ. ಕೂತ್ಕೋ" ಎಂದು ಪಕ್ಕಕ್ಕೆ ಸರಿದರು. ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ತೀರಿಕೊಂಡರು ಎಂದೆ. "ಒಳ್ಳೇ ಮನುಷ್ಯ" ಎಂದರು. ನೀರಿನ ಮೇಲೆ ಹಕ್ಕಿಗಳು ಕೂತಿದ್ದವು, ಮೇಲಿನ ಫ್ಲೈಓವರಿನಲ್ಲಿ ಏರ್‌ಪೋರ್ಟಿನ ಕಡೆ ಹೋಗುವ ಗಾಡಿಗಳ ಸದ್ದು. ನನಗೆ ಹೊತ್ತು ಕಳೆಯುವ ಮಾತು ಬೇಕಿರಲಿಲ್ಲ.

"ಸಾರ್, ಅವತ್ತು ನೀವು ನೋಡಿದ್ರಿ ತಾನೆ?"

ಅವರು ಯಾವತ್ತು ಎಂದು ಕೇಳಲಿಲ್ಲ. "ನೋಡಿದ್ದೆ" ಎಂದರು.

"ಮತ್ತೆ?"

"ನಮ್ಮ ವಂಶದಲ್ಲಿ ಯಾರೂ ಅರವತ್ತು ದಾಟಿಲ್ಲ. ನಂಗೀಗ ಎಪ್ಪತ್ತನಾಲ್ಕು." ಅದನ್ನು ಜಂಭದಿಂದಲೂ ಹೇಳಲಿಲ್ಲ, ತಪ್ಪೊಪ್ಪಿಗೆಯ ಹಾಗೂ ಹೇಳಲಿಲ್ಲ. ಪಾಠ ಹೇಳುವ ದನಿ. "ಚೀನಾದೋರು ಕಂಡುಕೊಂಡಿದ್ದು ಸುಳ್ಳಲ್ಲಮ್ಮ. ನಿದ್ದೆ ಚೆನ್ನಾಗಿ ಬರುತ್ತೆ. ಬಿ.ಪಿ. ನಾರ್ಮಲ್ ಇದೆ."

ಎದ್ದು ನಿಂತೆ. "ನೀವು ಹೇಡಿ ಸಾರ್" ಎಂದೆ. ದಾರಿಯಲ್ಲಿ ನಡೆಯುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡುವಷ್ಟು ಜೋರಾಗಿ. ಆ ಮಾತು ಆಡಿ ಅವರ ಎಡಗಿವಿಯನ್ನೇ ನೋಡುತ್ತಾ ನಿಂತಿದ್ದೆ. ಒಂದೇ ಒಂದು ಸಲ ಅದು ಕೆಂಪಾಗಲಿ, ಎದ್ದು ನನ್ನನ್ನು ಬೈಯಲಿ, ಯಾರಿಗೆ ಹೇಳ್ತಿದೀಯ ಎಂದು ಇಡೀ ಕೆರೆ ಕೇಳುವ ಹಾಗೆ ಕೂಗಲಿ. ಹಾಗೆ ಮಾಡಿದ್ದರೆ ಅಲ್ಲೇ ಅವರ ಕಾಲು ಮುಟ್ಟಿಬಿಡುತ್ತಿದ್ದೆ. ಕಿವಿ ಬಿಳಿಚಿಕೊಂಡೇ ಇತ್ತು.

"ಹೌದೇನೋಮ್ಮ" ಎಂದರು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದರು. "ಬಿಸಿಲು ಏರ್ತಿದೆ. ಹೊರಡು."

ಹೋದ ವರ್ಷ ತೀರಿಕೊಂಡರು. ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು, ಹಳೆಯ ವಿದ್ಯಾರ್ಥಿಗಳಿಗೆಲ್ಲ ಮೆಸೇಜ್ ಬಂದಿತ್ತು. ಹೋಗಬಾರದೆಂದುಕೊಂಡು ಹೋದೆ. ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಆಡಿದರು. ಶಾಂತಮೂರ್ತಿ. ಅಜಾತಶತ್ರು. ಯಾರ ಮನಸ್ಸನ್ನೂ ನೋಯಿಸದವರು. ಹೊಸಬರಿಗೆ ಕೊನೆಯ ಮೇಷ್ಟ್ರು ಮಾತ್ರ ಗೊತ್ತು, ಅವರದ್ದು ತಪ್ಪಲ್ಲ. ಹಳಬರಿಗೆ ಏನಾಗಿತ್ತು? ಕಾರಿಡಾರು ನಡುಗಿಸಿದವರನ್ನು, ಅಟೆಂಡರಿನ ಪರ ನಿಂತವರನ್ನು ಒಬ್ಬರೂ ನೆನೆಯಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನನ್ನು ನೋಡಿದ ಹಳೆಯ ಸಹೋದ್ಯೋಗಿಯೊಬ್ಬರು, "ನೀವೂ ಎರಡು ಮಾತು ಹೇಳಿ" ಎಂದರು. ವೇದಿಕೆಗೆ ಹೋದೆ.

"ಇವರು ನಮ್ಮಪ್ಪನ ಅಂಗಡಿ ಮುಂದೆ ನಿಂತು ಕೂಗಾಡದಿದ್ದರೆ ನಾನು ಓದುತ್ತಿರಲಿಲ್ಲ" ಎಂದೆ. "ನನ್ನ ಮೇಷ್ಟ್ರು ಶಾಂತರಾಗಿರಲಿಲ್ಲ. ನೀವೆಲ್ಲ ಯಾರ ಬಗ್ಗೆ ಮಾತಾಡ್ತಿದೀರೋ ಅವರ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ." ಇಳಿದು ಬಂದೆ. ಚಪ್ಪಾಳೆ ತಟ್ಟುವ ಸಭೆಯಾಗಿರಲಿಲ್ಲ, ಯಾರೋ ಕೆಮ್ಮಿದರು.

ಅವರ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಹೊರಗೆ ಬರುವಾಗ ನನ್ನ ಕೈ ಹಿಡಿದು, "ಮನೇವರೆಗೂ ಬಾ" ಎಂದರು. ಗಂಗಾನಗರದ ಮನೆಯೊಳಗೆ ನಾನು ಕಾಲಿಟ್ಟು ಎಷ್ಟು ಕಾಲವಾಗಿತ್ತೋ. ಆಕೆ ಕಾಫಿ ಮಾಡಿದರು. ಎದುರಿಗೆ ಕೂತು, ಫೋನಿನಲ್ಲಿ ಗುರುತಿಲ್ಲದವರ ಜೊತೆ ಮಾತಾಡುವ ಹಾಗೆ ಏರಿಳಿತವಿಲ್ಲದೆ ಹೇಳಿದರು:

"ಅವ್ರ ಮೇಲೆ ಯಾಕೆ ಕೋಪ ಮಾಡ್ಕೋತೀಯ? ಆಣೆ ಹಾಕಿಸ್ಕೊಂಡಿದ್ದು ನಾನು. ಆ ವಿಚಾರಣೆ ದಿನ ಬೆಳಿಗ್ಗೆ ಅವ್ರು ಶರ್ಟ್ ತೋಳು ಮಡಿಸ್ಕೊಂಡು ರೆಡಿಯಾಗಿದ್ರು. ಇವತ್ತು ಆ ಸೆಕ್ರೆಟರೀನ ಬಿಡಲ್ಲ ಅಂತಿದ್ರು. ನಾನು ಬಾಗ್ಲಿಗೆ ಅಡ್ಡ ನಿಂತೆ. ನೀವು ಬಾಯಿ ತೆಗೆದ್ರೆ ಅಲ್ಲೇ ಬಿದ್ದು ಸಾಯ್ತೀರ, ನಾನು ವಿಧವೆ ಆಗ್ತೀನಿ, ಅವಳಿಗೆ ಬೇರೆ ಕೆಲ್ಸ ಸಿಗುತ್ತೆ ಅಂದೆ. ನನ್ನ ತಲೆ ಮೇಲೆ ಅವ್ರ ಕೈ ಇಡಿಸ್ಕೊಂಡೆ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ತಪ್ಪು ಅಂತ ನಂಗನ್ನಿಸಲ್ಲ. ಈಗ ಅಂಥ ದಿನ ಮತ್ತೆ ಬಂದ್ರೂ ಅಡ್ಡ ನಿಲ್ತೀನಿ. ನಂಗೆ ಅವ್ರು ಬೇಕಾಗಿತ್ತು." ಆಕೆ ತಮ್ಮ ಲೋಟವನ್ನು ಕೈಯಲ್ಲಿ ತಿರುಗಿಸಿದರು. "ಆದ್ರೆ ಅವತ್ತಿಂದ ಅವ್ರು ನನ್ನ ಮೇಲೂ ಒಂದಿನಾನೂ ರೇಗ್ಲಿಲ್ಲ ಕಣೇ. ಏನ್ ಮಾಡಿದ್ರೂ ಸರಿ, ಏನ್ ಕೊಟ್ರೂ ಸರಿ. ಮೊದ್ಲು ಸಾರಿಗೆ ಒಂದು ಚೂರು ಉಪ್ಪು ಕಮ್ಮಿಯಾದ್ರೆ ಬೀದಿಗೆಲ್ಲ ಕೇಳಿಸೋ ಹಾಗೆ ಕೂಗ್ತಿದ್ರಲ್ಲ. ನಾನು ಎಷ್ಟೋ ದಿನ ಬೇಕಂತ್ಲೇ ಉಪ್ಪು ಹಾಕ್ತಿರ್ಲಿಲ್ಲ. ಏನೂ ಅನ್ನದೆ ಉಂಡು ಎದ್ದು ಹೋಗ್ತಿದ್ರು. ಕುಂಚ ಹಿಡ್ಕೊಂಡು ಕೂತ್ಬಿಡ್ತಿದ್ರು."

ಆಕೆ ಅಳಲಿಲ್ಲ. ಎದ್ದು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು, ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಆಕೆ ಕರೆದಾಗ ಮೇಷ್ಟ್ರನ್ನು ಬೈದು ಬರೋಣ ಎಂದೇ ಹೊರಟವಳು ನಾನು. ಯಾರನ್ನು ಬೈಯಲಿ? ಸಂಜೆಯಾಗುತ್ತಿತ್ತು. ಆಕೆ ಒಬ್ಬರೇ ಎಂದು ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ, ಬೇಳೆ ತೊಳೆದೆ. ಈಗ ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ, ಆಕೆಯ ಬಿ.ಪಿ. ಮಾತ್ರೆ ತಂದುಕೊಡುತ್ತೇನೆ. ಮೇಷ್ಟ್ರ ಮಾತು ನಾವಿಬ್ಬರೂ ಆಡುವುದಿಲ್ಲ. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ವಯಸ್ಸು ಬರುತ್ತದೆಂದು ಕಾಯುತ್ತಲೂ ಇಲ್ಲ. ಈ ಬರಹದ ಒಂದೊಂದು ವಾಕ್ಯವೂ ಅವರು ತಿದ್ದಿ ಕೊಟ್ಟ ಕನ್ನಡದಲ್ಲೇ ಇದೆ ಎನ್ನುವುದು ಮಾತ್ರ ಬರೆಯುವಾಗೆಲ್ಲ ಅರಿವಾಗುತ್ತದೆ.